ಐಟಿಐ ಮತ್ತು ಬಿಇ: ಎರಡನ್ನೂ ಓದಿದ ಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ಪರಿಚಯದ ತಂದೆತಾಯಿ ನನ್ನನ್ನು ಕೇಳುವುದುಂಟು: ಮಗನನ್ನು ಐಟಿಐಗೆ ಸೇರಿಸೋಣವೇ, ಪಿಯುಸಿ ಮಾಡಿಸಿ ಬಿಇಗೆ ಕಳಿಸೋಣವೇ? ನಾನು ಐಟಿಐಯಲ್ಲಿ ಎರಡು ವರ್ಷದ ಫಿಟ್ಟರ್ ಟ್ರೇಡ್, ಅಂದರೆ ಯಂತ್ರದ ಭಾಗಗಳನ್ನು ಅಳತೆಗೆ ತಂದು ಜೋಡಿಸುವ ಕಸುಬನ್ನು ಕಲಿತು, ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ದುಡಿದು, ಆಮೇಲೆ ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ, ಡಿಪ್ಲೊಮಾ ಮುಗಿಸಿದವರಿಗಿರುವ ಬಿಇ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಮೆಕ್ಯಾನಿಕಲ್ ಬಿಇ ಪಡೆದವನು. ಮನೆಗೆ ಬೇಗ ಸಂಪಾದನೆ ಬೇಕಿದ್ದರೆ, ಹುಡುಗನಿಗೆ ಕೈಕೆಲಸದಲ್ಲಿ ಆಸಕ್ತಿಯಿದ್ದರೆ, ಐಟಿಐಯಿಂದಲೇ ಆರಂಭಿಸಿ ಎನ್ನುತ್ತೇನೆ.

ಫಿಟ್ಟರ್ ಟ್ರೇಡಿನ ಮೊದಲ ತಿಂಗಳುಗಳು ಅರ ಹಿಡಿಯುವುದರಲ್ಲೇ ಕಳೆಯುತ್ತವೆ. ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ ಉಜ್ಜಬೇಕು, ಲಂಬಕೋನ ನೋಡುವ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯಬೇಕು, ಸಂದಿನಲ್ಲಿ ಬೆಳಕು ತೂರಿದರೆ ಮತ್ತೆ ಉಜ್ಜಬೇಕು. ಓದು ಹತ್ತದವರ ಕೆಲಸವಿದು ಎನ್ನುವವರ ಮಾತು ಕೇಳಿದಾಗ ನನಗೆ ಈಗಲೂ ನೋವಾಗುತ್ತದೆ. ಮಿಲಿಮೀಟರಿನ ನೂರನೇ ಒಂದು ಭಾಗ ಎಷ್ಟೆಂಬುದನ್ನು ಬೆರಳು ಅಲ್ಲಿ ಕಲಿಯುತ್ತದೆ. ಬಿಇ ಕಾಲೇಜಿನಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಒಂದೇ ಲೇಥಿನ ಸುತ್ತ ಇಡೀ ತಂಡ ನಿಲ್ಲುತ್ತಿತ್ತು. ಒಬ್ಬ ಓಡಿಸಿದರೆ ಉಳಿದವರು ರೆಕಾರ್ಡ್ ಬರೆದುಕೊಳ್ಳುತ್ತಿದ್ದೆವು.

ಆದರೆ ಬಿಇ ಕೊಟ್ಟದ್ದನ್ನು ಐಟಿಐ ಕೊಡಲಾರದು. ಕಾರ್ಖಾನೆಯಲ್ಲಿ ಯಂತ್ರವೊಂದರ ತಿರುಗುವ ದಂಡ, ಅಂದರೆ ಶಾಫ್ಟ್, ವ್ಯಾಸ ಕಿರಿದಾಗುವ ಜಾಗದಲ್ಲೇ ಮತ್ತೆ ಮತ್ತೆ ತುಂಡಾಗುತ್ತಿತ್ತು, ನಾವು ಹೊಸದನ್ನು ಮಾಡಿ ಹಾಕುತ್ತಿದ್ದೆವು. ಚೂಪು ಮೂಲೆಯಲ್ಲಿ ಒತ್ತಡ ಒಟ್ಟುಗೂಡುತ್ತದೆ, ಅಲ್ಲಿ ತಕ್ಕಷ್ಟು ರೇಡಿಯಸ್ ಕೊಟ್ಟು ಮೂಲೆಯನ್ನು ದುಂಡಾಗಿಸಿದರೆ ಶಾಫ್ಟ್ ಬಾಳುತ್ತದೆ ಎಂಬುದು ವಿನ್ಯಾಸದ ಪಾಠದಲ್ಲಿ ತಿಳಿಯಿತು. ಮುರಿದದ್ದನ್ನು ಸರಿಪಡಿಸುವವನಿಗೂ ಮುರಿಯದಂತೆ ಚಿತ್ರ ಬರೆಯುವವನಿಗೂ ಸಂಬಳದಲ್ಲಿ ಅಂತರ ಹುಟ್ಟುವುದು ಇಲ್ಲಿಯೇ.

ಆ ಅಂತರ ಮೊದಲ ದಿನವೇ ಕಾಣುವುದಿಲ್ಲ. ಕಾರ್ಖಾನೆಗಳಲ್ಲಿ ತರಬೇತಿಗೆ ನಿಲ್ಲುವ ಅಪ್ರೆಂಟಿಸ್‌ಗಳ ಭತ್ಯೆಯನ್ನು 2019ರ ನಿಯಮಗಳು ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,700 ರೂಪಾಯಿ, ಪದವೀಧರರಿಗೆ 9,000 ರೂಪಾಯಿ ಎಂದು ನಿಗದಿಪಡಿಸಿದವು. ಐಟಿಐ ಹುಡುಗ 18ಕ್ಕೆ ಕೆಲಸಕ್ಕೆ ನಿಂತರೆ, ಬಿಇ ಹುಡುಗ 22ರವರೆಗೆ ಮನೆಯ ಹಣದಲ್ಲೇ ಓದಬೇಕು. ತೊಂದರೆ ಆಮೇಲಿನದು. ಗುತ್ತಿಗೆ ಕೆಲಸದಲ್ಲಿ ಸಿಕ್ಕಿಕೊಂಡ ನನ್ನ ಹಲವು ಸಹಪಾಠಿಗಳ ಸಂಬಳ ವರ್ಷಗಟ್ಟಲೆ ಅಲ್ಲಾಡಲಿಲ್ಲ. ಸರ್ಕಾರಿ ಹುದ್ದೆಗಳಲ್ಲೂ ಗೆರೆ ಸ್ಪಷ್ಟ: ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್‌ನಲ್ಲಿ ಕಿರಿಯ ಎಂಜಿನಿಯರ್ ಆಗಲು ಡಿಪ್ಲೊಮಾ, ಸಹಾಯಕ ಎಂಜಿನಿಯರ್ ಆಗಲು ಬಿಇ ಬೇಕು. ರೈಲ್ವೆಯ ಸಹಾಯಕ ಲೋಕೊ ಪೈಲಟ್ ಹುದ್ದೆಗೆ ಮಾತ್ರ ಎಸ್ಸೆಸ್ಸೆಲ್ಸಿ ಜೊತೆಗೆ ಸೂಕ್ತ ಟ್ರೇಡಿನ ಐಟಿಐ ಸಾಕು.

ಈಗ ಲೆಕ್ಕ ಬದಲಾಗುತ್ತಿದೆ. ಮೆಕ್ಯಾನಿಕಲ್ ಓದಿದರೂ ಕೊನೆಗೆ ಸಾಫ್ಟ್‌ವೇರ್ ಕಂಪನಿ ಇದ್ದೇ ಇದೆ ಎಂಬ ಧೈರ್ಯದಿಂದ ಮಕ್ಕಳನ್ನು ಬಿಇಗೆ ಕಳಿಸಿದ ಮನೆಗಳು ಎಷ್ಟೋ. 2023–24ರಲ್ಲಿ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರಲ್ಲೂ ಸಿಬ್ಬಂದಿಯ ಒಟ್ಟು ಸಂಖ್ಯೆ ಇಳಿಯಿತು. ಇತ್ತ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ ಯೋಜನೆ ಬಂದಿತು. ಬಿಡದಿಯಲ್ಲಿ ಟೊಯೊಟಾ 2007ರಿಂದಲೇ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ತರಬೇತಿ ಶಾಲೆ ನಡೆಸುತ್ತಿದೆ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಪ್ರೋಗ್ರಾಂ ತಿದ್ದಬಲ್ಲ, ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿಯ ದೋಷ ಹುಡುಕಬಲ್ಲ ಫಿಟ್ಟರನನ್ನು ನಾನು ಕಂಡ ಯಾವ ಕಾರ್ಖಾನೆಯೂ ಸುಲಭವಾಗಿ ಬಿಟ್ಟುಕೊಟ್ಟಿಲ್ಲ.

ಐಟಿಐಯಿಂದ ಬಿಇಗೆ ಏರಲು ದಾರಿಯಿದೆ. ಬಿಇ ಮುಗಿಸಿದವನು ಕೈಕೆಲಸ ಕಲಿಯಲು ಮತ್ತೆ ಐಟಿಐಗೆ ಬರುವುದನ್ನು ನಾನು ಕಂಡಿಲ್ಲ. ಗಣಿತದಲ್ಲಿ ಗಟ್ಟಿಯಿರುವ, ಮನೆಯಲ್ಲಿ ಅನುಕೂಲವಿರುವ ಮಗುವನ್ನು ನೇರವಾಗಿ ಬಿಇಗೇ ಕಳಿಸಿ. ಐಟಿಐ ಎಂದು ತೀರ್ಮಾನಿಸಿದರೆ, ಅರ್ಜಿ ಹಾಕುವ ಮೊದಲು ಅಲ್ಲಿನ ವರ್ಕ್‌ಶಾಪಿಗೆ ಹೋಗಿ ಬನ್ನಿ. ಲೇಥುಗಳ ಕೆಳಗೆ ಹೊಸ ಲೋಹದ ಸುರುಳಿ ಬಿದ್ದಿದೆಯೇ, ಬೋಧಕರ ಹುದ್ದೆಗಳು ಭರ್ತಿಯಾಗಿವೆಯೇ, ಕಳೆದ ವರ್ಷ ಯಾವ ಕಂಪನಿಗಳು ಅಪ್ರೆಂಟಿಸ್‌ಗಳನ್ನು ಕರೆದುಕೊಂಡವು ಎಂದು ಕೇಳಿ ತಿಳಿದುಕೊಳ್ಳಿ.