ಮ್ಯಾಸಿಫ್ ಗ್ರಾಫ್ ಓದಾಕ ಎರಡು ದಿನ, ಹೀಪ್‌ಟ್ರ್ಯಾಕ್ ಗ್ರಾಫ್‌ಗೆ ಒಂದ ಸಂಜಿ

ಮ್ಯಾಸಿಫ್, ಹೀಪ್‌ಟ್ರ್ಯಾಕ್ ಎರಡೂ ಒಂದು ಪ್ರೋಗ್ರಾಂ ಎಷ್ಟು ಮೆಮರಿ ತಿಂತೈತಿ ಅಂತ ತೋರಸೋ ಟೂಲ್. ಮೊದಲ ಹೇಳಿಬಿಡ್ತೀನಿ, ನನಗ ಸೇರಿದ್ದು ಹೀಪ್‌ಟ್ರ್ಯಾಕ್. ಎರಡೂ ಫ್ರೀ, ಎರಡೂ ಲಿನಕ್ಸ್ ಮ್ಯಾಲ ನಡೀತಾವು, ರೊಕ್ಕದ ಮಾತ ಇಲ್ಲ, ಹೋಗಿದ್ದು ಟೈಮ್ ಅಷ್ಟ.

ನಮ್ಮ ಬೆಳಗಾವಿ ಕಡೆ ಕಬ್ಬಿನ ಸೀಸನ್ ಚಾಲೂ ಆತಂದ್ರ ಕಾಟಾ ಮುಂದ ರಾತ್ರಿ ಎಲ್ಲಾ ಟ್ರ್ಯಾಕ್ಟರ್ ಪಾಳಿ. ಅಲ್ಲಿ ತೂಕ ಓದಿ ಚೀಟಿ ಪ್ರಿಂಟ್ ಮಾಡೋ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಬರೆದಾಂವ ನಾನು, ಅದು ನಸುಕಿನ್ಯಾಗ ಮೆಮರಿ ತುಂಬಿ ನಿಂತ್ಬಿಡ್ತಿತ್ತು, ರೈತರು ಥಂಡಿಯೊಳಗ ಕಾಯ್ಕೋತ ಕುಂದರೋದು ನೆನಪಾದ್ರ ನನಗ ನಿದ್ದಿ ಹತ್ತತಿದ್ದಿಲ್ಲ.

ಮೊದಲ ವಾಲ್‌ಗ್ರೈಂಡ್ ಅನ್ನೋ ಟೂಲ್ ಗುಂಪಿನ ಮ್ಯಾಸಿಫ್ ಹಚ್ಚಿದೆ. ಅದರ ಅಂಕಿ ಓದಿ ಚಿತ್ರ ಬಿಡಸೋ ಎಂಎಸ್ ಪ್ರಿಂಟ್ ಅನ್ನೋ ಪ್ರೋಗ್ರಾಂ ತೆಗೆದುಕೊಟ್ಟ ಗ್ರಾಫ್ ಎಡಗಡೆಯಿಂದ ಉದ್ದಕ್ಕ ಸಪಾಟ, ಬಲಗಡೆ ತುದಿಗೆ ಒಮ್ಮೆಲೆ ಗ್ವಾಡಿ ಎದ್ದಂಗ. ಕಡೀಕ ಏನೋ ಒಂದು ದೊಡ್ಡ ತುಣುಕು ಮೆಮರಿ ಕೇಳೇತಿ ಅಂತ ತಿಳ್ಕೊಂಡು ಪ್ರಿಂಟಿಂಗ್ ಕೋಡ್ ಎಲ್ಲಾ ಎರಡು ದಿನ ಜಾಲಾಡಿದೆ, ಏನೂ ಸಿಗಲಿಲ್ಲ.

ತಪ್ಪು ಎಲ್ಲಿತ್ತಂದ್ರ, ಆ ಗ್ರಾಫಿನ ಅಡ್ಡಗೆರಿ ಗಡಿಯಾರದ ಟೈಮ್ ಅಲ್ರಿ. ನಾವು ಬ್ಯಾರೆ ಏನೂ ಹೇಳದಿದ್ರ ಮ್ಯಾಸಿಫ್ ಎಣಸೋದು ಪ್ರೊಸೆಸರ್ ನಡೆಸಿದ ಇನ್‌ಸ್ಟ್ರಕ್ಷನ್, ಅಂದ್ರ ಒಂದೊಂದು ಸಣ್ಣ ಹುಕುಂ. ನನ್ನ ಪ್ರೋಗ್ರಾಂ ಶುರು ಆಗೂಮುಂದ ಸೀಸನ್ನಿನ ಹಳೇ ಚೀಟಿ ಎಲ್ಲಾ ಓದಿ ಒಟ್ಟು ಕೂಡಸ್ತೈತಿ, ಹೆಚ್ಚಿನ ಇನ್‌ಸ್ಟ್ರಕ್ಷನ್ ಅಲ್ಲೇ ಮುಗೀತಾವು, ಆಮ್ಯಾಲ ಮುಂದಿನ ಟ್ರ್ಯಾಕ್ಟರ್ ಬರೋತನಕ ಸುಮ್ಮನ ಕಾಯ್ತೈತಿ, ಕಾಯೂಮುಂದ ಆ ಎಣಿಕಿ ಮುಂದ ಹೋಗಂಗಿಲ್ಲ. ಅಂದ್ರ ಇಡೀ ರಾತ್ರಿ ಬಲಗಡೆ ನಾಕು ಗೆರಿಯೊಳಗ ಮುದ್ದಿ ಆಗಿತ್ತು. ಟೈಮ್-ಯುನಿಟ್ ಆಪ್ಷನ್‌ಗೆ ಎಂಎಸ್ ಕೊಟ್ಟು, ಅಂದ್ರ ಮಿಲಿಸೆಕೆಂಡ್, ಮತ್ತ ಓಡಿಸಿದೆ, ಅದ ಗ್ವಾಡಿ ಪಾವಟಿಗಿ ಆತು, ಟ್ರ್ಯಾಕ್ಟರಿಗೊಂದು ಪಾವಟಿಗಿ. ಗ್ವಾಡಿ ಇದ್ರ ಒಮ್ಮೆಲೆ ಕೇಳಿದ್ದನ್ನ ಹುಡುಕಬೇಕು, ಪಾವಟಿಗಿ ಇದ್ರ ಪ್ರತಿಸಲ ಇಟ್ಕೊಂಡು ಬಿಡದ ಇದ್ದದ್ದನ್ನ. ಹುಡುಕೋ ಜಾಗಾನ ಬ್ಯಾರೆ.

ಹೀಪ್‌ಟ್ರ್ಯಾಕ್‌ನ್ಯಾಗ ಈ ತ್ರಾಸ ಇಲ್ಲ, ಅಡ್ಡಗೆರಿ ಮೊದಲಿಂದನ ಟೈಮ್. ಕನ್ಸ್ಯೂಮ್ಡ್, ಅಂದ್ರ ಹಿಡಕೊಂಡ ಮೆಮರಿಯ, ಗ್ರಾಫ್‌ನ್ಯಾಗ ಒಂದೊಂದು ಫಂಕ್ಷನ್‌ಗೆ ಒಂದೊಂದು ಬಣ್ಣ, ಒಂದು ಬಣ್ಣ ಮಾತ್ರ ದಪ್ಪ ಆಗ್ಕೋತ ಹೊಂಟಿತ್ತು, ಅದು ಚೀಟಿ ರೀಪ್ರಿಂಟ್‌ಗಂತ ನಾನ ಇಟ್ಟ ಮ್ಯಾಪ್, ಅಂದ್ರ ಚೀಟಿ ಕೂಡಿಟ್ಟ ಪಟ್ಟಿ, ಹಳೇವನ್ನ ಅಳಿಸೋ ಕೋಡ ಬರೆದಿದ್ದಿಲ್ಲ.

ಒಂದು ಎಚ್ಚರಿಕಿ: ಹೀಪ್‌ಟ್ರ್ಯಾಕ್ ತೋರಸೋ ಲೀಕ್ಡ್, ಅಂದ್ರ ಬಿಡದ ಉಳಿದ ಮೆಮರಿ, ಅನ್ನೋ ಅಂಕಿ ಒಂದನ್ನ ನೋಡಬ್ಯಾಡ್ರಿ. ಪ್ರೋಗ್ರಾಂ ನೆಟ್ಟಗ ಮುಗಿದ್ರ ಮ್ಯಾಪ್ ಫ್ರೀ ಆಗ್ತೈತಿ, ಲೀಕ್ ಕಾಣಂಗಿಲ್ಲ, ನಡುವ ಕೊಂದ್ರ ಆಗ ಹಿಡಿದಿದ್ದೆಲ್ಲಾ ಲೀಕ್ ಅಂತ ಬರ್ತೈತಿ.

ಸ್ಪೀಡ್‌ನ್ಯಾಗ ಮ್ಯಾಸಿಫ್ ಭಾಳ ನಿಧಾನ. ಲಿನಕ್ಸಿನ ಟಾಪ್ ಕಮಾಂಡ್ ತೋರಸೋ ಆರ್‌ಇಎಸ್ ಅಂಕಿ, ಅಂದ್ರ ಪ್ರೋಗ್ರಾಂ ಹಿಡಿದ ಒಟ್ಟು ರ‍್ಯಾಮ್, ಎರಡರ ಗ್ರಾಫಿಗೂ ಹೊಂದಂಗಿಲ್ಲ, ನಾವು ಬ್ಯಾರೆ ಏನೂ ಹೇಳದಿದ್ರ ಆ ಗ್ರಾಫ್ ತೋರಸೋದು ಹೀಪ್ ಅಷ್ಟ, ಅಂದ್ರ ಪ್ರೋಗ್ರಾಂ ನಡಿಯೂಮುಂದ ಕೇಳಿ ತಗೊಂಡ ಮೆಮರಿ.

ಮ್ಯಾಸಿಫ್ ನಾನು ತೆಗೆದುಹಾಕಿಲ್ಲ. ಕಾಟಾ ರೂಮಿನ ಮಷೀನ್‌ಗೆ ಎಸ್‌ಎಸ್‌ಎಚ್ ಮಾಡಿದಾಗ, ಅಂದ್ರ ದೂರದಿಂದ ಲಾಗಿನ್ ಆದಾಗ, ಕರೇ ಸ್ಕ್ರೀನ್ ಮ್ಯಾಲ ಟೆಕ್ಸ್ಟ್‌ನ್ಯಾಗ ಗ್ರಾಫ್ ಸಿಗ್ತೈತಿ, ಹ್ಯಾಶ್ ಚಿಹ್ನಿ ಇದ್ದಲ್ಲಿ ಪೀಕ್, ಅಂದ್ರ ಮೆಮರಿ ಎಲ್ಲಕ್ಕಿಂತ ಹೆಚ್ಚಿದ್ದ ಹೊತ್ತು. ಆದ್ರ ನಾನು ಮೊದಲ ಚಿತ್ರ ನೋಡಿ ಆಮ್ಯಾಲ ಕೋಡ್ ತೆಗೆಯೋ ಮನಶಾ, ಲ್ಯಾಪ್‌ಟಾಪ್ ಹಳೇದು, ನನಗ ಹೀಪ್‌ಟ್ರ್ಯಾಕ ಸರಿ. ಈಗ ಕಡೀ 200 ಚೀಟಿ ಅಷ್ಟ ಇಟ್ಕೊಂತೀನಿ, ಬೆಳಗಾದ್ರೂ ಗ್ರಾಫ್ ಸಪಾಟ ಐತಿ.