ಯುಪಿಎಸ್ ಕೂಗದ ಕಾರ್ಡ್: ತುಮಕೂರಿನ ಮನೆಯಲ್ಲಿ ಆರ್‌ಎಕ್ಸ್ 6600

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಬರೆಯುವವರೆಲ್ಲ ಎಫ್‌ಪಿಎಸ್ (ಪರದೆಯಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಬರುತ್ತದೆ ಅನ್ನುವ ಲೆಕ್ಕ) ಪಟ್ಟಿ ಹಾಕುತ್ತಾರೆ. ಯಾವ ಗೇಮ್‌ನಲ್ಲಿ ಎಷ್ಟು ಬರುತ್ತದೆ, ಯಾವ ಕಾರ್ಡ್ ಎಷ್ಟು ಮುಂದೆ. ಅದನ್ನೆಲ್ಲ ನೀವು ಆಗಲೇ ನೋಡಿರುತ್ತೀರಿ, ನಾನು ಮತ್ತೆ ಬರೆಯುವುದಿಲ್ಲ. ಆ ಪಟ್ಟಿಗಳಲ್ಲಿ ಯಾರೂ ಬರೆಯದ ಒಂದು ವಿಷಯ ಇದೆ. ಏಪ್ರಿಲ್ ತಿಂಗಳ ಸಂಜೆ, ಮಳೆ ಬರುವ ಮುಂಚೆ ಗಾಳಿ ಎದ್ದು, ಗೇಮ್ ಮಧ್ಯದಲ್ಲೇ ಕರೆಂಟ್ ಹೋಗುತ್ತದೆ. ಆಗ ನಿಮ್ಮ ಕಂಪ್ಯೂಟರ್ ಉಳಿಯುತ್ತದೋ, ಆರಿಹೋಗುತ್ತದೋ? ನಮ್ಮಂಥ ಊರಿನಲ್ಲಿ ಕಾರ್ಡ್ ತಗೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ನನ್ನ ಹತ್ತಿರ ಏನಿದೆ ಅಂತ ಹೇಳಿಬಿಡುತ್ತೇನೆ. ರೈಜೆನ್ 5 3600 ಪ್ರೊಸೆಸರ್, ಬಿ450 ಬೋರ್ಡ್, 450 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗೆ ಕರೆಂಟ್ ಹಂಚುವ ಡಬ್ಬ), 24 ಇಂಚಿನ ಫುಲ್ ಎಚ್‌ಡಿ ಮಾನಿಟರ್. ಮೇಜಿನ ಕೆಳಗೆ 600 ವಿಎ ಯುಪಿಎಸ್. ಮನೆ ಕ್ಯಾತ್ಸಂದ್ರದಲ್ಲಿ. ನನ್ನ ರೂಮ್ ಮೇಲಿನ ಮಹಡಿಯಲ್ಲಿರುವುದರಿಂದ ತಾರಸಿ ಕಾದ ಹಾಗೆ ರೂಮೂ ಕಾಯುತ್ತದೆ. ಹಗಲು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯುವ ಕೆಲಸ, ಸಂಜೆ ಎರಡು ಮೂರು ಗಂಟೆ ಗೇಮ್. ಕಾರ್ಡ್‌ಗೆ ಅಂತ ಎತ್ತಿಟ್ಟಿದ್ದು 22 ಸಾವಿರ. ಅದನ್ನು ದಾಟಿದರೆ ಮನೆಯ ಬೇರೆ ಯಾವುದೋ ಖರ್ಚಿಗೆ ಕೈ ಹಾಕಬೇಕಿತ್ತು.

ಈಗಿರುವ ಆರ್‌ಎಕ್ಸ್ 6600 ಕಾರ್ಡ್‌ಗೂ ಮೊದಲು ಇದ್ದದ್ದು ಜಿಟಿಎಕ್ಸ್ 1650. 2019ರ ಕಾರ್ಡ್, 4 ಜಿಬಿ ಮೆಮೊರಿ, 75 ವ್ಯಾಟ್. ನನ್ನ ಬಳಿ ಇದ್ದ ಮಾಡೆಲ್‌ಗೆ ಬೇರೆ ಪವರ್ ಕೇಬಲ್ ಕೂಡ ಬೇಕಿರಲಿಲ್ಲ, ಬೋರ್ಡ್‌ನಿಂದಲೇ ಕರೆಂಟ್ ತಗೊಳ್ಳುತ್ತಿತ್ತು. ತುಂಬಾ ನಿಯತ್ತಿನ ಕಾರ್ಡ್. ಆದರೆ ಹೊಸ ಗೇಮ್‌ಗಳಿಗೆ 4 ಜಿಬಿ ಸಾಲದೆ ಹೋಯಿತು. ರಸ್ತೆ, ಗೋಡೆ, ಮುಖ ಎಲ್ಲ ಮಬ್ಬಾಗಿ ಕಾಣುತ್ತಿತ್ತು.

2023ರಲ್ಲಿ ಬದಲಾಯಿಸಲು ಹೊರಟಾಗ ಕಣ್ಣಮುಂದೆ ಮೂರು ಕಾರ್ಡ್ ಇದ್ದವು: ಎಎಂಡಿ ಆರ್‌ಎಕ್ಸ್ 6600, ಎನ್‌ವಿಡಿಯಾ ಆರ್‌ಟಿಎಕ್ಸ್ 3060, ಆಗಷ್ಟೇ ಬಂದಿದ್ದ ಆರ್‌ಟಿಎಕ್ಸ್ 4060. ಮೊದಲ ಎರಡೂ 2021ರವು. ಅಮೆರಿಕದಲ್ಲಿ ಎರಡಕ್ಕೂ ಬಿಡುಗಡೆಯ ಬೆಲೆ 329 ಡಾಲರ್. ಆ ವರ್ಷ ಇಥೀರಿಯಂ ಮೈನಿಂಗ್ (ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ಆ ಡಿಜಿಟಲ್ ಹಣ ಗಳಿಸುವುದು) ಮಾಡುವವರು ಕಾರ್ಡ್‌ಗಳನ್ನು ರಾಶಿ ರಾಶಿ ಕೊಂಡಿದ್ದರಿಂದ ನಮ್ಮಂಥವರಿಗೆ ಬೆಲೆ ಎಟುಕುತ್ತಲೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂಗೆ ಮೈನಿಂಗೇ ಬೇಡವಾಯಿತು. ಆಮೇಲೆ ಬೆಲೆ ಇಳಿಯಿತು, ಆದರೆ ಎರಡರದ್ದೂ ಒಂದೇ ರೀತಿ ಇಳಿಯಲಿಲ್ಲ. ನಾನು ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದಾಗ 6600ಗೆ 21 ಸಾವಿರದ ಚಿಲ್ಲರೆ, 3060ಗೆ ಅದರ ಮೇಲೆ ಐದಾರು ಸಾವಿರ, 4060 ಅಂತೂ ಹತ್ತಿರ ಹತ್ತಿರ 30 ಸಾವಿರ. ನನ್ನ ಆಯ್ಕೆ ಅರ್ಧ ಅಲ್ಲೇ ಮುಗಿದಿತ್ತು.

ಉಳಿದ ಅರ್ಧ ಮುಗಿದದ್ದು ಮನೆಗೆ ಬಂದ ಮೇಲೆ. ನಮ್ಮ ಚಿಕ್ಕಪ್ಪನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಹತ್ತಿರ 3060 ಇದೆ. ಇಬ್ಬರೂ ಕಾರ್ಡ್ ಅದಲು ಬದಲು ಮಾಡಿಕೊಂಡು ಕೆಲವು ವಾರ ಬಳಸಿದೆವು. ಒಂದೇ ಕ್ಯಾಬಿನೆಟ್, ಒಂದೇ ರೂಮ್, ಒಂದೇ ಯುಪಿಎಸ್. ಇದಕ್ಕಿಂತ ನೇರವಾದ ಹೋಲಿಕೆ ನನಗೆ ಎಲ್ಲೂ ಸಿಗುತ್ತಿರಲಿಲ್ಲ.

ಫುಲ್ ಎಚ್‌ಡಿಯಲ್ಲಿ, ರೇ ಟ್ರೇಸಿಂಗ್ (ಬೆಳಕು ನೆರಳನ್ನು ನಿಜದ ಹಾಗೆ ಲೆಕ್ಕ ಹಾಕಿ ತೋರಿಸುವುದು) ಆಫ್ ಮಾಡಿ ಆಡಿದರೆ ಎರಡಕ್ಕೂ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇಲ್ಲ. ಫೋರ್ಜಾ ಹೊರೈಜನ್ 5 ಎರಡರಲ್ಲೂ ನೀರು ಹರಿದ ಹಾಗೆ ಓಡುತ್ತದೆ. ವ್ಯತ್ಯಾಸ ಕಂಡಿದ್ದು ಯುಪಿಎಸ್‌ನಲ್ಲಿ.

ಲೆಕ್ಕ ನೋಡಿ. 600 ವಿಎ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ, ಆದರೆ ನನ್ನ ಯುಪಿಎಸ್ ನಿಜವಾಗಿ ಕೊಡುವುದು 360 ವ್ಯಾಟ್. ಅದೂ ಬ್ಯಾಟರಿ ಹೊಸದಿದ್ದಾಗ. 3060ಗೆ 170 ವ್ಯಾಟ್ ಬೇಕು, 6600ಗೆ 132. ಪ್ರೊಸೆಸರ್ ಜೋರಾಗಿ ಓಡುವಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಮಾನಿಟರ್, ಫ್ಯಾನ್‌ಗಳು, ಎಸ್‌ಎಂಪಿಎಸ್‌ನಲ್ಲಿ ಬಿಸಿಯಾಗಿ ಸೋರುವುದು ಎಲ್ಲ ಸೇರಿದರೆ 6600 ಹಾಕಿದಾಗ ಒಟ್ಟು 260, 270ರ ಆಸುಪಾಸು. 3060 ಹಾಕಿದರೆ 300 ದಾಟುತ್ತದೆ. ಜೊತೆಗೆ ಕಾರ್ಡ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಬರೆದಿದ್ದಕ್ಕಿಂತ ಜಾಸ್ತಿ ಎಳೆದು ಮತ್ತೆ ಇಳಿಯುತ್ತವೆ. ಹಳೆಯ ಬ್ಯಾಟರಿ ಸೋಲುವುದು ಆ ಒಂದು ಕ್ಷಣದಲ್ಲೇ.

3060 ಇದ್ದಾಗ ಕರೆಂಟ್ ಹೋದರೆ ಯುಪಿಎಸ್ ಬಿಡದೆ ಒಂದೇ ಸಮ ಕೂಗುತ್ತಿತ್ತು. ಸೇವ್ ಮಾಡುವ ಮೆನು ತೆರೆಯುವಷ್ಟರಲ್ಲಿ ಪಟ್ ಅಂತ ಎಲ್ಲ ಕಪ್ಪು. 6600 ಇದ್ದಾಗ ಯುಪಿಎಸ್ ಒಳಗೆ 'ಟಿಕ್' ಅಂತ ಒಂದು ಸದ್ದು, ಆಮೇಲೆ ಆಗೊಮ್ಮೆ ಈಗೊಮ್ಮೆ ಬೀಪ್. ಸೀಲಿಂಗ್ ಫ್ಯಾನ್ ನಿಧಾನ ಆಗುತ್ತಾ ಬರುತ್ತದೆ, ಟ್ಯೂಬ್‌ಲೈಟ್ ಇಲ್ಲ, ಆದರೆ ಪರದೆಯಲ್ಲಿ ಗೇಮ್ ಹಾಗೇ ಇದೆ. ನಾನು ಪಾಜ್ ಒತ್ತುತ್ತೇನೆ, ಸೇವ್ ಮಾಡುತ್ತೇನೆ, ತೆರೆದಿರುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯನ್ನೂ ಮುಚ್ಚುತ್ತೇನೆ, ಶಟ್‌ಡೌನ್ ಕೊಟ್ಟು ಕೆಳಗೆ ಅಮ್ಮನ ಹತ್ತಿರ ಹೋಗಿ ಕೂರುತ್ತೇನೆ. ನಾಲ್ಕೈದು ನಿಮಿಷ ಸಿಗುತ್ತದೆ, ಅಷ್ಟು ಸಾಕು. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ ಜನರೇಟರ್ ಇರುವವರಿಗೆ ಇದು ಸಣ್ಣ ವಿಷಯ. ನನಗೆ ಸಣ್ಣದಲ್ಲ.

ಈ ಕಾರ್ಡ್ ತಂದ ಮೇಲೆ ನನ್ನ ಸಂಜೆಗೆ ಒಂದು ಕ್ರಮ ಬಂದಿದೆ. ಕಾಫಿ ಲೋಟ ಮೇಜಿನ ಎಡಕ್ಕೆ ಇಟ್ಟು, ಆಲ್ಟ್ ಮತ್ತು ಆರ್ ಒತ್ತಿ ಎಎಂಡಿ ಕಾರ್ಡ್‌ನ ಸಾಫ್ಟ್‌ವೇರ್ ಅಡ್ರಿನಲಿನ್ ತೆರೆಯುತ್ತೇನೆ. ಅದರಲ್ಲಿ ರೇಡಿಯಾನ್ ಚಿಲ್ ಅಂತ ಒಂದು ಸೌಲಭ್ಯ ಇದೆ. ಎಫ್‌ಪಿಎಸ್‌ಗೆ ಕೆಳಗೊಂದು ಮೇಲೊಂದು ಗೆರೆ ಎಳೆದರೆ, ಪರದೆಯಲ್ಲಿ ಓಡಾಟ ಕಡಿಮೆ ಇದ್ದಾಗ ಕಾರ್ಡ್ ತಾನೇ ವೇಗ ತಗ್ಗಿಸುತ್ತದೆ. ನಾನು ಎರಡನ್ನೂ 60ಕ್ಕೆ ಇಡುತ್ತೇನೆ, ಅಂದರೆ ಎಫ್‌ಪಿಎಸ್ 60ರ ಮೇಲೆ ಹೋಗುವುದಿಲ್ಲ. ಆಮೇಲೆ ಮೂಲೆಯಲ್ಲಿ ವ್ಯಾಟ್ ನೋಡುವುದೇ ಒಂದು ಖುಷಿ. ಯೂರೋ ಟ್ರಕ್ ಸಿಮ್ಯುಲೇಟರ್ 2ರಂಥ ಹಳೆಯ ಗೇಮ್ ಆದರೆ 60, 70 ವ್ಯಾಟ್‌ನಲ್ಲೇ ನಡೆಯುತ್ತದೆ. ಲೆಕ್ಕ ಬರೆಯುವಾಗ ಫ್ಯಾನ್‌ಗಳು ತಿರುಗುವುದೇ ಇಲ್ಲ, ಬರೀ ಹೀಟ್‌ಸಿಂಕ್ ಸಾಕು. ರೂಮಿನಲ್ಲಿ ಕಾರ್ಡ್ ಇದೆ ಅನ್ನುವುದೇ ಮರೆತುಹೋಗುತ್ತದೆ.

ಕರೆಂಟ್ ಬಿಲ್ ವಿಷಯಕ್ಕೂ ಬರೋಣ. ಗೃಹಜ್ಯೋತಿಯಲ್ಲಿ ಹಳೆಯ ವರ್ಷದ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಅಷ್ಟು ಯೂನಿಟ್ ಉಚಿತ, ಅದಕ್ಕಿಂತ ಮೇಲೆ ಹೋದದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. 3060ಗೂ 6600ಗೂ ಇರುವ 38 ವ್ಯಾಟ್ ವ್ಯತ್ಯಾಸ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಮೂರೂವರೆ ಯೂನಿಟ್ ಕೂಡ ಆಗುವುದಿಲ್ಲ. ಇದು ದೊಡ್ಡ ಉಳಿತಾಯ ಅಂತ ನಾನು ಹೇಳುವುದಿಲ್ಲ. ಚಿಲ್ ಹಾಕಿದರೆ ಇನ್ನೂ ನಾಲ್ಕೈದು ಯೂನಿಟ್ ಇಳಿಯುತ್ತದೆ. ಬೇಸಿಗೆಯಲ್ಲಿ ಮೀಟರ್ ಗಡಿಯ ಹತ್ತಿರ ಓಡುವ ಮನೆಗಳಲ್ಲಿ ಮಾತ್ರ ಈ ಲೆಕ್ಕಕ್ಕೆ ಬೆಲೆ. ನಮ್ಮದು ಅಂಥ ಮನೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಹೊಗಳಿಕೆ ಆಗುತ್ತಿತ್ತು. ಎರಡನೇ ಬೇಸಿಗೆಯಲ್ಲಿ ಫ್ಯಾನ್ ಸದ್ದು ಶುರುವಾಯಿತು.

ಎಎಂಡಿ ಮಾಡುವುದು ಚಿಪ್. ಅದರ ಸುತ್ತ ಬೋರ್ಡ್, ಹೀಟ್‌ಸಿಂಕ್, ಫ್ಯಾನ್ ಕೂರಿಸಿ ಮಾರುವುದು ಬೇರೆ ಬೇರೆ ಕಂಪನಿಗಳು. ನನ್ನ ಕಾರ್ಡ್ ಮಾಡಿದ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಚಿಪ್‌ಗೆ ಏನೂ ಆಗಿಲ್ಲ, ಉಳಿತಾಯ ಮಾಡಿರುವುದು ಫ್ಯಾನ್‌ನಲ್ಲಿ. ಎಡಗಡೆಯ ಫ್ಯಾನ್ 1,300 ಆರ್‌ಪಿಎಂ ಹತ್ತಿರ ಬಂದಾಗ 'ಕಿರ್ರ್' ಅಂತ ಸಣ್ಣಗೆ ಕೊರೆಯುತ್ತದೆ. ವೇಗ ಜಾಸ್ತಿ ಆದರೆ ಸದ್ದಿಲ್ಲ, ಕಡಿಮೆ ಆದರೂ ಸದ್ದಿಲ್ಲ. ಆದರೆ ಚಿಲ್ ಹಾಕಿ ಆಡುವಾಗ ಕಾರ್ಡ್ ಬಂದು ನಿಲ್ಲುವುದೇ ಆ ವೇಗಕ್ಕೆ! ಯಾವ ಮೌನಕ್ಕಾಗಿ ಈ ಕಾರ್ಡನ್ನು ಮೆಚ್ಚಿಕೊಂಡಿದ್ದೆನೋ ಅದನ್ನೇ ಕಿತ್ತುಕೊಂಡ ಹಾಗಾಯಿತು.

ವಾರಂಟಿ ಇನ್ನೂ ಮುಗಿದಿರಲಿಲ್ಲ. ತುಮಕೂರಿನಲ್ಲಿ ಸರ್ವಿಸ್ ಸೆಂಟರ್ ಇಲ್ಲ, ಬೆಂಗಳೂರಿಗೇ ತಗೊಂಡು ಹೋಗಬೇಕು. ಬೆಳಗಿನ ರೈಲಿನಲ್ಲಿ ಹೋಗಿ ಕೊಟ್ಟು ಬಂದೆ. ಯಾವ ವೇಗದಲ್ಲಿ ಸದ್ದು ಬರುತ್ತದೆ, ಕಾರ್ಡ್ ಬಿಸಿಯಾದ ಮೇಲೆ ಎಷ್ಟು ಹೊತ್ತಿಗೆ ಶುರುವಾಗುತ್ತದೆ ಅಂತ ಚೀಟಿ ಬರೆದು ಡಬ್ಬದ ಮೇಲೆ ಅಂಟಿಸಿದ್ದೆ. ವಾರಗಟ್ಟಲೆ ಕಾಯಿಸಿ, 'ಪರೀಕ್ಷೆ ಮಾಡಲಾಗಿದೆ, ದೋಷ ಇಲ್ಲ' ಅಂತ ವಾಪಸ್ ಕೊಟ್ಟರು. ಕೇಳಿದಾಗ ಗೊತ್ತಾಯಿತು, ಎಸಿ ರೂಮಿನಲ್ಲಿ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗಿಸಿ ನೋಡಿದ್ದರು. ನನ್ನ ಚೀಟಿ ಅಂಟಿಸಿದ ಹಾಗೇ ಇತ್ತು. ಬಹಳ ಬೇಸರವಾಯಿತು. ಒಂದು ದಿನದ ಸಂಬಳ ಬಿಟ್ಟು ಹೋಗುವ ಗಿರಾಕಿ ಬರೆದ ನಾಲ್ಕು ಸಾಲು ಓದುವುದು ಅಷ್ಟು ಕಷ್ಟವಾ? ಚಿಕ್ಕ ಊರಿನವರು ವಾರಂಟಿ ಅಂದುಕೊಂಡು ಕೊಡುವ ದುಡ್ಡಿನಲ್ಲಿ ಅರ್ಧ ಈ ಓಡಾಟಕ್ಕೇ ಹೋಗುತ್ತದೆ. ಕಾರ್ಡ್ ಕೊಳ್ಳುವ ಮುಂಚೆ ಸರ್ವಿಸ್ ಸೆಂಟರ್ ಎಲ್ಲಿದೆ, ಕೊರಿಯರ್‌ನಲ್ಲಿ ಕಳಿಸಿದರೆ ತಗೊಳ್ಳುತ್ತಾರಾ ಅಂತ ಫೋನ್ ಮಾಡಿ ಕೇಳಿ.

ವಾರಂಟಿ ಮುಗಿಯುವವರೆಗೆ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಸೆಟ್ಟಿಂಗ್) ಬದಲಾಯಿಸಿ ಆ ವೇಗ ತಪ್ಪಿಸುತ್ತಾ ಕಾಲ ತಳ್ಳಿದೆ. ಈಗಿನ ಆಯುಧ ಪೂಜೆಗೆ ಅದನ್ನೂ ಸರಿ ಮಾಡಿಬಿಟ್ಟೆ. ನಮ್ಮ ಮನೆಯಲ್ಲಿ ಆ ದಿನ ಕಂಪ್ಯೂಟರ್‌ಗೂ ಪೂಜೆ. ಹಿಂದಿನ ಸಂಜೆಯೇ ಕ್ಯಾಬಿನೆಟ್ ಬಿಚ್ಚಿ ತಾರಸಿಗೆ ಒಯ್ದು, ಬ್ಲೋವರ್‌ನಿಂದ ಧೂಳು ಊದುತ್ತೇನೆ. ಊದುವಾಗ ಫ್ಯಾನ್ ಎಲೆಗೆ ಒಂದು ಬೆರಳು ಒತ್ತಿ ಹಿಡಿದಿರಬೇಕು, ಇಲ್ಲದಿದ್ದರೆ ಗಾಳಿಗೆ ಗಿರಗಿರ ತಿರುಗಿ ಬೇರಿಂಗ್ ಹಾಳಾಗುತ್ತದೆ. ಈ ಸಲ ಫ್ಯಾನ್ ನಡುವಿನ ಸ್ಟಿಕ್ಕರನ್ನು ಬ್ಲೇಡ್ ತುದಿಯಿಂದ ಎಬ್ಬಿಸಿದೆ. ಒಳಗೆ ಸಣ್ಣ ಗುಂಡಿ, ನಡುವೆ ಕಡ್ಡಿಯ ತುದಿ, ಸುತ್ತ ಒಣಗಿ ಕಂದು ಬಣ್ಣಕ್ಕೆ ತಿರುಗಿದ ಎಣ್ಣೆ. ಅಮ್ಮನ ಹೊಲಿಗೆ ಮಿಷನ್ ಎಣ್ಣೆಯನ್ನು ಸೂಜಿ ತುದಿಯಲ್ಲಿ ಒಂದು ಹನಿ ಬಿಟ್ಟು, ಕೈಯಿಂದ ತಿರುಗಿಸಿ, ಒರೆಸಿ, ಸ್ಟಿಕ್ಕರ್ ಅಂಟಿಸಿದೆ. ಮಾರನೇ ದಿನ ಅಮ್ಮ ಕ್ಯಾಬಿನೆಟ್‌ಗೆ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದರು. ಫ್ಯಾನ್ ಸದ್ದು ಈವರೆಗೆ ಇಲ್ಲ. ಎಲ್ಲ ಫ್ಯಾನ್‌ಗಳಿಗೂ ಹೀಗೆ ಆಗುವುದಿಲ್ಲ, ಕೆಲವು ಪೂರ್ತಿ ಮುಚ್ಚಿರುತ್ತವೆ. ವಾರಂಟಿ ಇರುವವರು ಸ್ಟಿಕ್ಕರ್ ಮುಟ್ಟಬೇಡಿ.

ಕಾರ್ಡ್‌ನ ಮಿತಿಗಳೂ ಈಗ ಕಾಣುತ್ತಿವೆ. ರೇ ಟ್ರೇಸಿಂಗ್ ಆನ್ ಮಾಡಿದರೆ ಸೈಬರ್‌ಪಂಕ್ 2077 ತೆವಳುತ್ತದೆ. 3060ಯಲ್ಲಿ ಅದು ಪರವಾಗಿಲ್ಲ ಅನ್ನುವಷ್ಟು ಬರುತ್ತದೆ, ಅದರ ಡಿಎಲ್‌ಎಸ್‌ಎಸ್ (ಸಣ್ಣ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್‌ವಿಡಿಯಾ ಸೌಲಭ್ಯ) ಚಿತ್ರವೂ ನಮ್ಮ ಎಎಂಡಿಯ ಅಂಥದ್ದೇ ಎಫ್‌ಎಸ್‌ಆರ್‌ಗಿಂತ ಚೊಕ್ಕ. ಫುಲ್ ಎಚ್‌ಡಿಯಲ್ಲಿ ಎಫ್‌ಎಸ್‌ಆರ್ ಹಾಕಿದರೆ ಮರದ ಎಲೆ, ತಂತಿ ಬೇಲಿ ಎಲ್ಲ ಮಿಣಮಿಣ ಅನ್ನುತ್ತವೆ. ಚಿಕ್ಕಪ್ಪನ ಮಗ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಬ್ಲೆಂಡರ್ ಬಳಸುತ್ತಾನೆ. ನನ್ನ ಕಾರ್ಡ್ ಅವನ ಹತ್ತಿರ ಇದ್ದಾಗ ಅವನು ಹೇಳಿದ್ದು: 'ಅಣ್ಣಾ, ನಿಂದು ತಣ್ಣಗೇನೋ ಇರುತ್ತೆ, ಆದ್ರೆ ರೆಂಡರ್‌ಗೆ ಕೂರ್ಸಿದ್ರೆ ಮುಗಿಯೋದೇ ಇಲ್ಲ.' ಅವನ ಮಾತು ಸರಿ. ರೆಂಡರಿಂಗ್ ಕೆಲಸ ಇರುವವರು ಸುಮ್ನೆ 12 ಜಿಬಿಯ 3060 ತಗೊಳ್ಳಿ, ದೊಡ್ಡ ಯುಪಿಎಸ್‌ಗೂ ಸೇರಿಸಿ ದುಡ್ಡು ಎತ್ತಿಡಿ.

ವ್ಯಾಟ್ ಮಾತ್ರ ನೋಡುವುದಾದರೆ 4060 ಮೇಲು ಅಲ್ವಾ ಅಂತ ನೀವು ಕೇಳಬಹುದು. ನಿಜ, ಅದು 115 ವ್ಯಾಟ್‌ನಲ್ಲೇ 6600ಗಿಂತ ಚೆನ್ನಾಗಿ ಓಡುತ್ತದೆ. ಆಗ 30 ಸಾವಿರ ಕೊಡುವ ಶಕ್ತಿ ಇದ್ದವರಿಗೆ ಅದೇ ಸರಿ ಇತ್ತು. ಆದರೆ ಅದರಲ್ಲೂ ಇರುವುದು 8 ಜಿಬಿ.

ಆ 8 ಜಿಬಿಯೇ ಮುಂದಿನ ಚಿಂತೆ. 2024ರ ಇಂಡಿಯಾನಾ ಜೋನ್ಸ್ ಗೇಮ್‌ಗೂ 2025ರ ಡೂಮ್: ದ ಡಾರ್ಕ್ ಏಜಸ್‌ಗೂ ರೇ ಟ್ರೇಸಿಂಗ್ ಮಾಡಬಲ್ಲ ಕಾರ್ಡ್ ಇರಲೇಬೇಕು. ಎರಡರಲ್ಲೂ ಎಎಂಡಿ ಕಡೆಯಿಂದ ಕನಿಷ್ಠ ಅಂತ ಬರೆದಿರುವುದು ಆರ್‌ಎಕ್ಸ್ 6600. ಅಂದರೆ ನಾವು ಬಾಗಿಲ ಹೊಸ್ತಿಲಲ್ಲಿ ನಿಂತಿದ್ದೇವೆ. ಬಿ450ಯಂಥ ಪಿಸಿಐಇ 3.0 (ಕಾರ್ಡ್ ಕೂರುವ ಸ್ಲಾಟ್‌ನ ಹಳೆಯ, ನಿಧಾನದ ಪೀಳಿಗೆ) ಬೋರ್ಡ್ ಇರುವವರಿಗೆ ಇನ್ನೊಂದು ಕಷ್ಟ: ಬೋರ್ಡ್ ಜೊತೆ ಮಾಹಿತಿ ಸಾಗಿಸಲು ಈ ಕಾರ್ಡ್ ಬಳಸುವುದು ಎಂಟೇ ಲೇನ್, ಅಂದರೆ ಎಂಟೇ ದಾರಿ. 8 ಜಿಬಿ ತುಂಬಿ ಉಕ್ಕಿದಾಗ ಗೇಮ್ ತಡವರಿಸುವುದು ಆಗಲೇ ಜಾಸ್ತಿ. ಮುಂದೆ ಬದಲಾಯಿಸಿದರೆ ನನ್ನ ಕಣ್ಣು 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಮೇಲೆ. 160 ವ್ಯಾಟ್, 16 ಲೇನ್. ಇಂಟೆಲ್ ಬಿ580 ಕೂಡ 12 ಜಿಬಿ ಕೊಡುತ್ತದೆ, ಆದರೆ 190 ವ್ಯಾಟ್ ಕೇಳುತ್ತದೆ, ನನ್ನ ಯುಪಿಎಸ್‌ಗೆ ಅದು ಆಗದ ಮಾತು.

ಅಲ್ಲಿಯವರೆಗೆ 6600 ನನ್ನ ಹತ್ತಿರವೇ ಇರುತ್ತದೆ. ಯಾರಾದರೂ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಳ್ಳುವುದಾದರೆ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ, ಕಾರ್ಡ್ ಬಿಸಿಯಾಗಲಿ. ಆಮೇಲೆ ಅಡ್ರಿನಲಿನ್‌ನಲ್ಲಿ ಫ್ಯಾನ್ ವೇಗವನ್ನು 30, 40, 50 ಶೇಕಡಕ್ಕೆ ಒಂದೊಂದಾಗಿ ನಿಲ್ಲಿಸಿ, ಸೀಲಿಂಗ್ ಫ್ಯಾನ್ ಆಫ್ ಮಾಡಿಸಿ, ಕಿವಿ ಹತ್ತಿರ ಇಟ್ಟು ಕೇಳಿ.