ಹೊಸ ಪದ ಕಲಿಸಲು ಕಾಪಿಯೋ, ಮಿಂಚುಪಟ್ಟಿಯೋ, ಅಭಿನಯವೋ, ಕತೆಯೋ?

ಕರ್ನಾಟಕದ ಸರ್ಕಾರಿ ಶಾಲೆಗಳ ಕಿರಿಯ ತರಗತಿಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿಕಲಿಯಲ್ಲಿ ಮಗು ಮೊದಮೊದಲು ಕಲಿಯುವ ಅಕ್ಷರಗಳಲ್ಲಿ ರ, ಗ, ಸ, ದ, ಅ ಸೇರಿವೆ. ಈ ಐದೇ ಅಕ್ಷರಗಳಿಂದ ಸರ, ಅರಸ, ದಸರ, ಗರಗಸ ಎಲ್ಲವನ್ನೂ ಓದಬಹುದು. ಒಂದನೇ ತರಗತಿಯ ಮಗು ಸ್ವಲ್ಪ ದಿನದಲ್ಲೇ 'ಗರಗಸ' ಎಂದು ತಡವರಿಸದೆ ಓದಿಬಿಡುತ್ತದೆ. "ಗರಗಸದಿಂದ ಏನು ಮಾಡ್ತಾರೆ?" ಎಂದು ಕೇಳಿ ನೋಡಿ. ಬಡಗಿ ಕೆಲಸ ಕಂಡಿರದ ಮಗು ಸುಮ್ಮನೆ ನಿಮ್ಮ ಮುಖ ನೋಡುತ್ತದೆ. ಓದು ಬಂದಿದೆ, ಪದ ಬಂದಿಲ್ಲ.

6ರಿಂದ 8 ವರ್ಷದ ಮಕ್ಕಳಿಗೆ ಪದ ಕಲಿಸುವಾಗ ನಾವು ಎಡವುವುದು ಇಲ್ಲೇ. ಪದ ಮೊದಲು ಕಿವಿಗೆ ಬೀಳಬೇಕು, ಆಮೇಲೆ ಬಾಯಿಗೆ ಬರಬೇಕು, ಕೈ ಬರವಣಿಗೆ ಕೊನೆಗೆ. ಶಾಲೆಗಳಲ್ಲಿ ಹೆಚ್ಚಾಗಿ ನಡೆಯುವುದು ಇದರ ತಿರುವುಮುರುವು.

ಎರಡನೇ ತರಗತಿಯಲ್ಲಿ ಕಾಪಿ, ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್), ಅಭಿನಯ, ಕತೆ ಎಂಬ ನಾಲ್ಕು ವಿಧಾನಗಳನ್ನು ವಾರಕ್ಕೊಂದರಂತೆ ಹಚ್ಚಿ ನೋಡಿದ ಮೇಲಿನ ಹೋಲಿಕೆ ಇದು. ಪ್ರತಿ ವಾರ ಆರು ಪದ: ಎರಡು ವಸ್ತುವಿನ ಹೆಸರು, ಎರಡು ಕೆಲಸದ ಪದ, ಎರಡು ಗುಣ ಅಥವಾ ಭಾವದ ಪದ. ಬರೀ ವಸ್ತುಗಳ ಹೆಸರನ್ನೇ ಆರಿಸಿಕೊಂಡರೆ ಯಾವ ವಿಧಾನವೂ ಗೆದ್ದಂತೆ ಕಾಣುತ್ತದೆ. ಶನಿವಾರ ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ. ಅದೂ ಬಾಯಲ್ಲೇ, ಏಕೆಂದರೆ ಬರೆಸಿ ಪರೀಕ್ಷಿಸಿದರೆ ಕಾಪಿ ವಿಧಾನಕ್ಕೆ ಸುಮ್ಮನೆ ಅಂಕ ಸಿಗುತ್ತದೆ. ಕೇಳಿದ್ದು ನಾಲ್ಕು: ತೋರಿಸು, ಹೌದೋ ಅಲ್ಲವೋ ಹೇಳು, ಬೇರೆ ರೂಪದಲ್ಲಿ ಬಂದಾಗ ಗುರುತಿಸು, ನಿನ್ನದೇ ಒಂದು ವಾಕ್ಯ ಹೇಳು. ಮೂರನೆಯದು ಕನ್ನಡಕ್ಕೆ ಬಹಳ ಮುಖ್ಯ. 'ಹೊರು' ಗೊತ್ತಿರುವ ಮಗು "ರೈತ ಮೂಟೆ ಹೊತ್ತ" ಎಂಬಲ್ಲಿ ಅದನ್ನು ಗುರುತಿಸದಿದ್ದರೆ ಪಾಠ ಓದುವಾಗ ಆ ಪದದಿಂದ ಏನೂ ಪ್ರಯೋಜನವಿಲ್ಲ. ಕೀಳು–ಕಿತ್ತ, ಬೀಳು–ಬಿದ್ದ, ಅಳು–ಅತ್ತ, ಎಲ್ಲದರ ಕತೆಯೂ ಅಷ್ಟೇ.

ಮೊದಲು ಕಾಪಿ. ಬೋರ್ಡಿನ ಮೇಲೆ ಪದ, ಮುಂದೆ ಅರ್ಥ, ಹತ್ತು ಸಲ ಬರೆ. ತರಗತಿ ಗಲಾಟೆಯಿಲ್ಲದೆ ನಡೆಯುತ್ತದೆ, ಪೋಷಕರಿಗೂ ತುಂಬಿದ ನೋಟ್‌ಬುಕ್ ಕಾಣುತ್ತದೆ. ಆದರೆ ಬರೆಯುತ್ತಿರುವ ಮಗುವಿನ ಪಕ್ಕ ಎರಡು ನಿಮಿಷ ಕೂತು ನೋಡಿ. 'ಹುತ್ತ' ಎಂದು ಹತ್ತು ಸಲ ಬರೆಯಬೇಕಾದ ಮಗು ಮೊದಲು ಹತ್ತು ಸಾಲಿನಲ್ಲೂ ಮೇಲಿಂದ ಕೆಳಗೆ 'ಹು' ಇಳಿಸುತ್ತದೆ. ಆಮೇಲೆ ಮೇಲೆ ಹೋಗಿ 'ತ' ಇಳಿಸುತ್ತದೆ, ಕೊನೆಗೆ ಒತ್ತು ಹಚ್ಚುತ್ತಾ ಬರುತ್ತದೆ. ಇಡೀ ಪದವನ್ನು ಒಮ್ಮೆಯೂ ಬರೆದಿಲ್ಲ. ಅಡ್ಡಸಾಲಾಗಿ ಬರೆಯುವ ಮಗುವಿಗೆ ಇನ್ನೊಂದು ತೊಂದರೆ: ಅದು ಬೋರ್ಡು ನೋಡುವುದಿಲ್ಲ, ತನ್ನದೇ ಮೇಲಿನ ಸಾಲು ನೋಡುತ್ತದೆ. ಮೂರನೇ ಸಾಲಿನಲ್ಲಿ ಒತ್ತು ಬಿಟ್ಟುಹೋದರೆ ಉಳಿದ ಏಳೂ ಸಾಲು 'ಹುತ'. ತಪ್ಪನ್ನೇ ಏಳು ಸಲ ಅಭ್ಯಾಸ ಮಾಡಿಸಿದ ಹಾಗಾಯಿತು.

ಅರ್ಥದ ಪಟ್ಟಿಯದು ಬೇರೆಯೇ ಗೋಳು. 'ಧಾರಾಳ = ಯಥೇಚ್ಛ' ಎಂದು ಬರೆಸಿದರೆ ಗೊತ್ತಿಲ್ಲದ ಒಂದು ಪದದ ಜಾಗಕ್ಕೆ ಗೊತ್ತಿಲ್ಲದ ಎರಡು ಪದ ಬರುತ್ತವೆ. ಎರಡು ವಾರದ ನಂತರ ಈ ವಿಧಾನದ ಪದಗಳಲ್ಲಿ ಸ್ವಂತ ವಾಕ್ಯವಾಗಿ ಉಳಿದದ್ದು ಎಲ್ಲಕ್ಕಿಂತ ಕಡಿಮೆ. ಹಾಗೆಂದು ಬರವಣಿಗೆಯನ್ನೇ ಕೈಬಿಡಬೇಡಿ. ಅರ್ಥ ಗೊತ್ತಾದ ಪದವನ್ನು ಮೂರೇ ಸಲ ಬರೆಸಿ. ನೋಡು, ಮುಚ್ಚು, ನೆನಪಿನಿಂದ ಬರೆ, ತೆರೆದು ತಾಳೆ ನೋಡು. ಹತ್ತು ಸಲದ ಕಾಪಿಗಿಂತ ಈ ಮೂರು ಸಲಕ್ಕೆ ಒತ್ತಕ್ಷರ ಚೆನ್ನಾಗಿ ನಿಲ್ಲುತ್ತದೆ.

ಮಿಂಚುಪಟ್ಟಿಯ ಖರ್ಚು ಕಡಿಮೆ. 22×28 ಇಂಚಿನ ಒಂದು ಡ್ರಾಯಿಂಗ್ ಶೀಟನ್ನು ನಾಲ್ಕು ನಾಲ್ಕಾಗಿ ಕತ್ತರಿಸಿದರೆ 5.5×7 ಇಂಚಿನ 16 ಪಟ್ಟಿ ಸಿಗುತ್ತವೆ. ಅಕ್ಷರ ಎರಡು ಇಂಚು ಎತ್ತರವಾದರೂ ಇರಲಿ, ಕಪ್ಪು ಮಾರ್ಕರ್‌ನಲ್ಲೇ ಬರೆಯಿರಿ. ಹಳದಿ, ತಿಳಿಹಸಿರು ಹಿಂದಿನ ಸಾಲಿಗೆ ಕಾಣುವುದಿಲ್ಲ. ಒಂದು ಬದಿ ಪದ, ಇನ್ನೊಂದು ಬದಿ ಚಿತ್ರ. ಎರಡನ್ನೂ ಒಂದೇ ಬದಿಗೆ ಹಾಕಿದರೆ ಮಗು ಚಿತ್ರ ನೋಡಿ ಹೇಳುತ್ತದೆ, ಪದದ ಕಡೆ ಕಣ್ಣೇ ಹಾಯಿಸುವುದಿಲ್ಲ. ಪದದ ಬದಿಯನ್ನು ಮೂರು ಸೆಕೆಂಡು ತೋರಿಸಿ, ಉತ್ತರ ಬಂದ ಮೇಲೆ ತಿರುಗಿಸಿ. ಪ್ರತಿ ಸುತ್ತಿಗೂ ಪಟ್ಟಿಗಳನ್ನು ಕಲಸಿ, ಇಲ್ಲದಿದ್ದರೆ ಮಕ್ಕಳು ಸರದಿಯನ್ನೇ ಬಾಯಿಪಾಠ ಮಾಡುತ್ತಾರೆ. ಹಳೆಯ ಪಟ್ಟಿಗಳನ್ನು ಆಗಾಗ ಹೊಸದಾಗಿ ಬರೆಯಿರಿ. ಮೂಲೆ ಮಡಿಸಿದ್ದು 'ಕೊಡಲಿ', ಶಾಯಿ ಕಲೆ ಇರುವುದು 'ನೇಗಿಲು' ಎಂದು ಮಕ್ಕಳಿಗೆ ಗುರುತು ಸಿಕ್ಕಿರುತ್ತದೆ. ಅದೇ ಪದವನ್ನು ಬೋರ್ಡಿನ ಮೇಲೆ ಬರೆದಾಗ ಗುಟ್ಟು ಬಯಲಾಗುತ್ತದೆ.

ಕೊಡಲಿ, ನೇಗಿಲು, ಹುತ್ತದಂಥ ಪದಗಳಿಗೆ, ಬಲೆ–ಬಳೆ, ಹುಲಿ–ಹುಳಿಯಂಥ ಜೋಡಿಗಳಿಗೆ ಇದರಷ್ಟು ಚುರುಕಾದ ವಿಧಾನ ಬೇರೆ ಇಲ್ಲ. 'ನೆರಳು' ಬಂದರೆ ಮಾತ್ರ ಕೈಕೊಡುತ್ತದೆ. ಮರದ ಕೆಳಗೆ ಕಪ್ಪು ಬಳಿದು ತೋರಿಸಿ, ಮಕ್ಕಳು "ಮರ" ಎನ್ನುತ್ತಾರೆ. 'ಅವಸರ'ಕ್ಕೆ ಓಡುವ ಹುಡುಗನ ಚಿತ್ರ ಹಾಕಿದರೆ ಉತ್ತರ "ಓಡು". ಪಟ್ಟಿಯಲ್ಲಿ ಇರುವುದು ಬೋಳು ಪದವಾದ್ದರಿಂದ ಬದಲಾದ ರೂಪ ಗುರುತಿಸುವ ಮೂರನೇ ಪ್ರಶ್ನೆಯಲ್ಲೂ ಮಕ್ಕಳು ಎಡವಿದರು. ಪಟ್ಟಿಯ ಕೆಳಗೆ ಸಣ್ಣದಾಗಿ 'ಕೊಡಲಿಯಿಂದ' ಎಂದೂ ಬರೆದು, ತೋರಿಸಿದಾಗಲೆಲ್ಲ "ಕೊಡಲಿಯಿಂದ ಏನು ಮಾಡ್ತೀವಿ?" ಎಂದು ಕೇಳಿದರೆ ಈ ಕೊರತೆ ಅರ್ಧ ನೀಗುತ್ತದೆ.

ಕೆಲಸದ ಪದಗಳಿಗೆ ಅಭಿನಯಕ್ಕೆ ಸಾಟಿಯಿಲ್ಲ. ಮಾತಿಗೆ ಮೈ ಸೇರಿಸಿ ಎರಡನೇ ಭಾಷೆ ಕಲಿಸುವ ಕ್ರಮವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿ ರೂಪಿಸಿದರು. ಅದರಲ್ಲಿ ಮಗು ಮೊದಲು ಕೇಳಿ ಮಾಡಿದರೆ ಸಾಕು, ಮಾತಾಡಲೇಬೇಕೆಂಬ ಒತ್ತಾಯವಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತೆಲುಗು ಆಡುವ ಮಕ್ಕಳು ನಮ್ಮ ತರಗತಿಗಳಲ್ಲಿ ಬಾಯಿ ಬಿಡಲು ಎಷ್ಟು ಅಂಜುತ್ತಾರೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತು. ಹೆಜ್ಜೆ ಮೂರು. ನೀವು ಹೇಳಿ ಮಾಡಿ ತೋರಿಸಿ. ನೀವು ಹೇಳುತ್ತಾ ಮಕ್ಕಳ ಜೊತೆ ಮಾಡಿ. ಕೊನೆಗೆ ನೀವು ಕೈಕಟ್ಟಿ ನಿಂತು ಬರೀ ಹೇಳಿ, ಮಕ್ಕಳು ಮಾಡಲಿ. ಮೂರನೆಯದನ್ನು ಬಿಟ್ಟರೆ ಅದು ಪದಪಾಠವಲ್ಲ, ಬರೀ ಕವಾಯತು. ಆಗಲೂ ಕೆಲವರು ಪಕ್ಕದವರನ್ನು ನೋಡಿ ಅರೆಕ್ಷಣ ತಡವಾಗಿ ಬಗ್ಗುತ್ತಾರೆ. ಕಣ್ಣು ಮುಚ್ಚಿಸಿ ಹೇಳಿದರೆ ಯಾರಿಗೆ ಬಂದಿದೆ ಎಂಬುದು ತಿಳಿಯುತ್ತದೆ.

ಹತ್ತಿರದ ಪದಗಳನ್ನು ಜೋಡಿಯಾಗಿ ಮಾಡಿಸಿ: ನೋಡು–ಇಣುಕು, ಎಳೆ–ಜಗ್ಗು, ತೆವಳು–ಅಂಬೆಗಾಲಿಡು. ಒಂಟಿಯಾಗಿ ಕಲಿಸಿದರೆ ತೆವಳುವುದೂ ಅಂಬೆಗಾಲಿಡುವುದೂ ಒಂದೇ ಆಗಿಬಿಡುತ್ತವೆ. ಹೊಟ್ಟೆ ನೆಲಕ್ಕೆ ತಾಗಿದೆಯೋ ಇಲ್ಲವೋ ಎಂದು ಮಕ್ಕಳೇ ಪರಸ್ಪರ ನೋಡಿ ಹೇಳಲಿ. ಗುಣದ ಪದಗಳಲ್ಲಿ ಕೈಗೆ, ನಾಲಿಗೆಗೆ ಸಿಗುವಂಥವೂ ಇಲ್ಲಿಗೇ ಸೇರುತ್ತವೆ. 'ಒರಟು–ನುಣುಪು'ಗೆ ಒಂದು ತುಂಡು ಮರಳುಕಾಗದ, ಒಂದು ಬಾಳೆಲೆ ಸಾಕು. 'ಒಗರು' ಎಂಬುದನ್ನು ಮಾತಿನಲ್ಲಿ ವಿವರಿಸಲು ಹೋಗಲೇಬೇಡಿ, ಎಳೆ ಸೀಬೆಕಾಯಿಯ ಚೂರು ಕೊಡಿ.

ಆದರೆ ಜಿಪುಣ, ಹಿಂಜರಿ, ಗೊಣಗು ಇಂಥವು ಮಗುವಿನ ಓದನ್ನು ನಿಜವಾಗಿ ಬೆಳೆಸುವ ಪದಗಳು. ಮಾತಿನಲ್ಲಿ ಅಪರೂಪ, ಕತೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಪದಗಳನ್ನು ದಿನಬಳಕೆಯವು, ಪುಸ್ತಕದ ಭಾಷೆಯವು, ಒಂದೊಂದು ವಿಷಯಕ್ಕೇ ಸೀಮಿತವಾದವು ಎಂದು ಮೂರು ಸ್ತರಗಳಾಗಿ ವಿಂಗಡಿಸಿದ ಅಮೆರಿಕದ ಸಂಶೋಧಕಿಯರಾದ ಐಸಬೆಲ್ ಬೆಕ್ ಮತ್ತು ಮಾರ್ಗರೆಟ್ ಮೆಕ್‌ಕೌನ್ ಹೆಚ್ಚು ಗಮನ ಕೊಡಬೇಕು ಎಂದದ್ದು ಇಂಥ ನಡುವಿನ ಪದಗಳಿಗೇ. ಇವಕ್ಕೆ ಕತೆ ಬೇಕು. ಕತೆಯ ವಿಧಾನಕ್ಕೆ ಸುಮಾರು 25 ನಿಮಿಷ ಹಿಡಿಯುತ್ತದೆ, ಮೂರಕ್ಕಿಂತ ಹೆಚ್ಚು ಪದ ಹಿಡಿಸುವುದಿಲ್ಲ. ಆರು ಪದಕ್ಕೆ ಎರಡು ದಿನ ಕೊಡಲೇಬೇಕು.

ಕತೆಯನ್ನು ಒಮ್ಮೆ ನಿಲ್ಲಿಸದೆ ಗಟ್ಟಿಯಾಗಿ ಓದಿ. ಹೊಸ ಪದ ಬಂದಾಗ ಅರ್ಧ ಸಾಲಿನ ವಿವರಣೆ ಕೊಟ್ಟು ಮುಂದೆ ಹೋಗಿ. "ಇದರ ಅರ್ಥ ಯಾರಿಗೆ ಗೊತ್ತು?" ಎಂದು ಕೇಳುವುದು ಇಲ್ಲಿನ ದೊಡ್ಡ ತಪ್ಪು. 'ಹಿಂಜರಿದ' ಎಂದರೆ "ಹಿಂದೆ ಜಾರಿ ಬಿದ್ದ" ಎಂದು ಒಬ್ಬ ಕೂಗಿದರೆ ಸಾಕು, ನೀವು ಸರಿಪಡಿಸಿದರೂ ಶನಿವಾರ ಅರ್ಧ ತರಗತಿ ಅದನ್ನೇ ಹೇಳುತ್ತದೆ. ಅರ್ಥವನ್ನು ನೀವೇ, ಮಕ್ಕಳ ಮಾತಿನಲ್ಲೇ ಹೇಳಿ: "ಮಾಡ್ಲೋ ಬೇಡ್ವೋ ಅಂತ ಒಳಗೊಳಗೇ ಭಯವಾಗಿ ಹಿಂದೆ ಸರಿಯೋದು." ಹಿಂ-ಜ-ರಿ ಎಂದು ಚಪ್ಪಾಳೆ ತಟ್ಟಿ ಮೂರು ಸಲ ಹೇಳಿಸಿ. ಮುಂದೆ ಕತೆಯಿಂದ ಹೊರಗಿನ ಎರಡು ಉದಾಹರಣೆ ಕಡ್ಡಾಯ. ಇಲ್ಲದಿದ್ದರೆ ಹಿಂಜರಿಯುವುದು ಕತೆಯಲ್ಲಿ ಸೇತುವೆ ದಾಟುವ ಮೇಕೆ ಮಾತ್ರ ಮಾಡುವ ಕೆಲಸ ಎಂದು ಮಕ್ಕಳು ತಿಳಿಯುತ್ತಾರೆ. ಆಮೇಲೆ ಹೌದು–ಅಲ್ಲ: "ಊಟದ ಗಂಟೆ ಹೊಡೆದ ಕೂಡಲೇ ಎದ್ದು ಓಡಿದ, ಇದು ಹಿಂಜರಿಯೋದಾ?" "ಹೊಸ ಟೀಚರ್ ಹತ್ರ ನೀರು ಕುಡಿಯೋಕೆ ಹೋಗ್ಲಾ ಅಂತ ಕೇಳೋಕೆ ತಡಮಾಡಿದಳು, ಇದು?" ಕೊನೆಗೆ ವಾಕ್ಯ. ಬರಿಗೈಯಲ್ಲಿ "ವಾಕ್ಯ ಮಾಡು" ಎಂದರೆ "ಅವನು ಹಿಂಜರಿದನು" ಎಂದಷ್ಟೇ ಬರುತ್ತದೆ. "ನಾನು ಹಿಂಜರಿದೆ, ಯಾಕಂದ್ರೆ…" ಎಂದು ಶುರು ಮಾಡಿಕೊಡಿ.

ಸ್ವಂತ ವಾಕ್ಯ, ಬದಲಾದ ರೂಪ ಎರಡರಲ್ಲೂ ಕತೆಯ ವಿಧಾನ ಉಳಿದ ಮೂರನ್ನೂ ಹಿಂದಿಕ್ಕಿತು. ಹಿಂಜರಿದ, ಹಿಂಜರಿಯುತ್ತಾ, ಹಿಂಜರಿಕೆ ಎಲ್ಲವೂ ಒಂದೇ ಸಲಕ್ಕೆ ಕಿವಿಗೆ ಬಿದ್ದಿರುತ್ತವಲ್ಲ.

ಗೋಡೆಯ ಪದಪಟ್ಟಿ ಮಕ್ಕಳ ಕಣ್ಣಿನೆತ್ತರಕ್ಕೆ ಇದ್ದು, ತಿಂಗಳಿಗೊಮ್ಮೆ ಬದಲಾದರೆ ಉಪಯುಕ್ತ. ಮೊಬೈಲ್ ಆ್ಯಪ್‌ಗಳು ಮನೆಯಲ್ಲಿ ಒಂದು ಮಗುವಿಗೆ ಸರಿ, 25 ಮಕ್ಕಳ ನಡುವೆ ಒಂದು ಪರದೆಯಿಂದ ಹೆಚ್ಚೇನೂ ಆಗುವುದಿಲ್ಲ.

ಯಾವ ವಿಧಾನ ಹಿಡಿದರೂ ಮನೆಯ ಪದವನ್ನು ಅಲ್ಲಗಳೆಯಬೇಡಿ. ಪಟ್ಟಿಯಲ್ಲಿ 'ಈರುಳ್ಳಿ' ಇದ್ದಾಗ ಮಗು "ಉಳ್ಳಾಗಡ್ಡಿ" ಅಥವಾ "ನೀರುಳ್ಳಿ" ಎಂದರೆ ಅದು ತಪ್ಪು ಉತ್ತರವಲ್ಲ. ಆ ಪದವನ್ನೂ ಬೋರ್ಡಿನ ಮೇಲೆ ಬರೆದು, "ಪುಸ್ತಕದಲ್ಲಿ ಇದಕ್ಕೆ ಈರುಳ್ಳಿ ಅಂತಾರೆ" ಎನ್ನಿ. ತಪ್ಪೆಂದು ತಿದ್ದಿಸಿಕೊಂಡ ಮಗು ಮುಂದಿನ ಪಟ್ಟಿಗೆ ಬಾಯಿ ತೆರೆಯುವುದಿಲ್ಲ.

ಕಲಿಸಿದ ಪದಗಳಿಗೆ ಒಂದು ಚಪ್ಪಲಿ ಡಬ್ಬಿ ಇಟ್ಟುಕೊಳ್ಳಿ, ಒಳಗೆ ರಟ್ಟಿನಿಂದ ನಾಲ್ಕು ಖಾನೆ. ಜರ್ಮನಿಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಡಬ್ಬಿಯ ಮಾದರಿ ಇದು. ಮೊದಲ ಖಾನೆಯ ಪದಗಳನ್ನು ಮರುದಿನ ಕೇಳಿ, ಎರಡನೆಯದನ್ನು ಮೂರು ದಿನಕ್ಕೆ, ಮೂರನೆಯದನ್ನು ವಾರಕ್ಕೆ, ನಾಲ್ಕನೆಯದನ್ನು ಹದಿನೈದು ದಿನಕ್ಕೆ. ಬಂದ ಪದ ಮುಂದಿನ ಖಾನೆಗೆ, ಮರೆತದ್ದು ಮತ್ತೆ ಮೊದಲನೆಯದಕ್ಕೆ. ಎರಡು ಸಲ ಹಿಂದೆ ಬಂದ ಪದವನ್ನು ಮೂರನೇ ಸಲ ಅದೇ ಪಟ್ಟಿ ಹಿಡಿದು ಕೇಳಬೇಡಿ. ಚಿತ್ರದಿಂದ ಕಲಿಸಿದ್ದರೆ ಈ ಸಲ ಮಾಡಿ ತೋರಿಸಿ, ಮಾಡಿ ತೋರಿಸಿದ್ದರೆ ಒಂದು ಪುಟ್ಟ ಕತೆಯೊಳಗೆ ತನ್ನಿ.